ತಂಪಿನಲ್ಲಿಟ್ಟ ಮೊಟ್ಟೆ ಹಾಳೆ

ಕಲ್ಯಾಣದುರ್ಗ
3-10-2004, ಭಾನುವಾರ

ಅತ್ತೆಯವರಿಗೆ ತನುಜಾಳ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳಿದರೆ ‘ಇದ್ದೀನಿ’ ಎಂದಷ್ಟೇ ಬರೆಯುತ್ತೀರಿ. ಅದಕ್ಕೇ ಈ ಸಲ ಬಿಡಿಬಿಡಿಯಾಗಿ ಕೇಳುತ್ತೇನೆ. ಮೊಣಕಾಲು ಹೇಗಿದೆ? ಸಂಜೆಗೆ ಒಲೆ ಹಚ್ಚುತ್ತೀರೋ, ಮಧ್ಯಾಹ್ನದ ತಂಗಳನ್ನೇ ಉಂಡು ಮಲಗುತ್ತೀರೋ?

ಆರನೇ ತರಗತಿಗೆ ಸಜೀವ ನಿರ್ಜೀವಗಳ ಪಾಠ ಶುರು ಮಾಡಿದ್ದೇನೆ. ಜೀವವಿರುವುದು ಚಲಿಸುತ್ತದೆ, ಉಸಿರಾಡುತ್ತದೆ, ತಿನ್ನುತ್ತದೆ, ಬೆಳೆಯುತ್ತದೆ, ಮುಟ್ಟಿದರೆ ಪ್ರತಿಕ್ರಿಯಿಸುತ್ತದೆ, ಬೇಡದ್ದನ್ನು ಹೊರಹಾಕುತ್ತದೆ, ತನ್ನಂಥದ್ದನ್ನು ಹುಟ್ಟಿಸುತ್ತದೆ. ಈ ಏಳು ಲಕ್ಷಣಗಳನ್ನು ಡ್ರಾಯಿಂಗ್ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಪಾಠ ಮುಗಿಯಿತು ಎಂದುಕೊಂಡೆ. ಕಂಬದೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಕೀರ್ತನಾ ಎಂಬ ಹುಡುಗಿ ಎದ್ದು ನಿಂತಳು. “ಮೇಡಂ, ನಮ್ ಬಸ್ಸು ಓಡ್ತದೆ, ಡೀಸೆಲ್ ಕುಡೀತದೆ, ಹೊಗೆ ಬಿಡ್ತದೆ, ಒತ್ತಿದ್ರೆ ಕೂಗ್ತದೆ. ಮರಿ ಒಂದು ಹಾಕಾಕಿಲ್ಲ, ಅಷ್ಟೇಯ” ಎಂದಳು. ಹಿಂದಿನ ಬೆಂಚಿನಿಂದ ಯಾರೋ, “ಹೇಸರಗತ್ತೆನೂ ಮರಿ ಹಾಕಾಕಿಲ್ಲ ಕಣೇ, ಅದೇನು ಕಲ್ಲಾ?” ಎಂದರು. ತರಗತಿಯೆಲ್ಲ ನಕ್ಕಿತು. ನನ್ನ ಕಣ್ಣು ಏಳನೆಯ ಸಾಲಿನ ಮೇಲೇ ನಿಂತಿತ್ತು. ಆ ಪ್ರಕಾರ ನಾನೂ ಕಲ್ಲಿನ ಪಟ್ಟಿಗೇ ಸೇರುತ್ತೇನಲ್ಲ ಎಂದು ನಗು ಬಂತು, ನಗಲಿಲ್ಲ.

ಆದ್ದರಿಂದ ಮಕ್ಕಳ ಕೈಗೆ ಒಂದು ಕಷ್ಟದ ವಸ್ತು ಕೊಡಬೇಕೆಂದಿದ್ದೇನೆ. ನೀವು ಕೆಲಸ ಮಾಡುವ ಗ್ರೈನೇಜಿನಲ್ಲಿ ರೇಷ್ಮೆ ಚಿಟ್ಟೆಗಳು ಹಾಳೆಯ ಮೇಲೆ ಮೊಟ್ಟೆ ಇಡುತ್ತವಲ್ಲ, ಅಂಥದೊಂದು ಹಾಳೆ ಕಳಿಸುತ್ತೀರಾ? ಮೊದಲು ಗಸಗಸೆಯ ಹಾಗೆ ಸುಮ್ಮನೆ ಬಿದ್ದಿರಲಿ. ಇದಕ್ಕೆ ಜೀವವಿದೆಯೋ ಇಲ್ಲವೋ ಎಂದು ಮಕ್ಕಳು ಜಗಳವಾಡಲಿ. ಹತ್ತನೇ ದಿನ ಹುಳು ಹೊರಬಂದಾಗ ಉತ್ತರವನ್ನು ಕಣ್ಣಾರೆ ನೋಡಲಿ.

ದಸರಾ ರಜೆಗೆ ಬರಲಾಗುವುದಿಲ್ಲ ಅತ್ತೆ. ಅನಂತಪುರದಲ್ಲಿ ಟ್ರೈನಿಂಗ್ ಹಾಕಿದ್ದಾರೆ. ನಿಮ್ಮ ಮಗ ತೀರಿಹೋದ ಮೇಲೆ ಇದು ಮೂರನೇ ದಸರಾ, ಮೂರಕ್ಕೂ ನಾನು ಒಂದೊಂದು ನೆಪ ಹೇಳಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಇದು ನಿಜವಾದ ಟ್ರೈನಿಂಗ್. ಬಾಡಿಗೆ ಕೋಣೆಯಲ್ಲಿ ಸಂಜೆಯಾದರೆ ರೇಡಿಯೋ ಹಾಕಿಟ್ಟುಕೊಳ್ಳುತ್ತೇನೆ. ಕೇಳುವುದಕ್ಕಲ್ಲ, ಯಾರೋ ಇದ್ದಾರೆ ಅನ್ನಿಸಲಿ ಎಂದು.

ಇಂತಿ ನಿಮ್ಮ ಸೊಸೆ
ತನುಜಾ


ಹಿಂದೂಪುರ
14-10-2004

ತನುಜಾ,

ಕ್ಷೇಮ. ಮೊಣಕಾಲು ಮೊಣಕಾಲಿನ ಜಾಗದಾಗೇ ಐತೆ. ಐದನೇ ಕ್ಲಾಸಿಗೆ ಬಿಟ್ಟೋಳು ನಾನು. ನೀನು ಬರೆದಂಗೆ ಬರೆಯಾಕೆ ಬರಾಕಿಲ್ಲ, ಬಾಯಿಗೆ ಬಂದಂಗೆ ಬರೀತೀನಿ, ಓದ್ಕ.

ಕೇಳಿದ್ದು ಕಳಿಸಿದ್ದೀನಿ. ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರು ಮುನೆಪ್ಪನ ಕೈಗೆ ಕೊಟ್ಟಿದ್ದೀನಿ, ಬಸ್ಟ್ಯಾಂಡಿಗೆ ಹೋಗಿ ಇಸ್ಕ. ಒಂದೇ ಚಿಟ್ಟೆ ಇಟ್ಟಿದ್ದು, ನಾನೂರರ ಮೇಲೈತೆ. ಬಿಸ್ಲಿಗೆ ಮಡಗಬ್ಯಾಡ, ಇರುವೆಗೆ ಸಿಗಂಗೆ ಮಡಗಬ್ಯಾಡ. ಮಕ್ಳು ಉಗುರಾಗೆ ಕೆರೆದ್ರೆ ಕೈ ಮ್ಯಾಲೆ ಒಂದು ಕೊಡು.

ಇನ್ಮೇಲೆ ಕಾಗದ ಗ್ರೈನೇಜಿಗೆ ಹಾಕಬ್ಯಾಡ, ಮನೆಗೇ ಹಾಕು. ಅಲ್ಲಿ ಕೆಲ್ಸದ ಮಧ್ಯೆ ಓದಾಕಾಗಾಕಿಲ್ಲ.

ಟ್ರೈನಿಂಗ್ ಇದ್ರೆ ಹೋಗು, ಸರ್ಕಾರದ ಕೆಲ್ಸ. ನಾನೇನೂ ಅಂದ್ಕಣಾಕಿಲ್ಲ. ಒಂದು ಮಾತು ಬರೀತೀನಿ, ಬ್ಯಾಸರ ಮಾಡ್ಕಬ್ಯಾಡ. ನನ್ನ ಓಬುಳೇಶ ಹೋದ್ಮೇಲೆ ನಂಗೆ ಉಳಿದಿರೋ ನೆಂಟಸ್ತಿಕೆ ಅಂದ್ರೆ ನಿನ್ನದೊಂದೇ. ತಿಂಗಳಿಗೊಂದಪ ಪೋಸ್ಟ್‌ಮ್ಯಾನು ಬಂದು “ಓಬಕ್ಕಾ, ನಿನ್ ಸೊಸೆ ಕಾಗ್ದ” ಅಂತಾನೆ. ಆ ಮಾತು ಕೇಳಾಕೆ ಮೂವತ್ತು ದಿನ ಕಾಯ್ತೀನಿ. ನೀನೂ ನಿಲ್ಲಿಸ್ಬುಟ್ರೆ ನಾನು ಯಾರಿಗೂ ಏನೂ ಆಗಾಕಿಲ್ಲ ಕಣಮ್ಮ.

ಓಬಕ್ಕ


ಕಲ್ಯಾಣದುರ್ಗ
7-11-2004, ಭಾನುವಾರ

ಅತ್ತೆಯವರಿಗೆ ನಮಸ್ಕಾರಗಳು.

ಹಾಳೆ ಕೈಸೇರಿತು. ಮುನೆಪ್ಪ ಅದನ್ನು ಟಿಕೆಟ್ ಪುಸ್ತಕದ ನಡುವೆ ಇಟ್ಟುಕೊಂಡು ತಂದು, “ಇದೇನಮ್ಮ, ಸಾಸಿವೆ ಅಂಟಿಸಿ ಕಳಿಸವ್ಳೆ ನಿಮ್ಮತ್ತೆ” ಎಂದ.

ಆದರೆ ಅತ್ತೆ, ಒಂದು ಬೇಸರದ ಸುದ್ದಿ. ಇಪ್ಪತ್ತಮೂರು ದಿನವಾಯಿತು, ಒಂದೂ ಒಡೆಯಲಿಲ್ಲ. ಮಕ್ಕಳು ದಿನಾ ಪ್ರಾರ್ಥನೆ ಮುಗಿಸಿ ಬಂದು ಏಳು ಲಕ್ಷಣಗಳ ಹಾಳೆಯ ಮುಂದೆ ಮೊಟ್ಟೆ ಹಾಳೆ ಹಿಡಿದು ಪರೀಕ್ಷೆ ಮಾಡುತ್ತಾರೆ. ಚಲನೆ ಇಲ್ಲ. ತಿನ್ನುವುದಿಲ್ಲ. ಬೆಳೆದಿಲ್ಲ, ದಾರ ಹಿಡಿದು ಅಳೆದರು. ಮುಟ್ಟಿದರೆ ಏನೂ ಇಲ್ಲ. ದೀಪದ ಉರಿಯನ್ನು ಅದರ ಪಕ್ಕ ಇಟ್ಟು ನೋಡಿದರೆ ಉರಿಗೇ ಹೆಚ್ಚು ಅಂಕ ಬಂತು. ಅದು ಎಣ್ಣೆ ತಿನ್ನುತ್ತದೆ, ಗಾಳಿ ಬೇಡುತ್ತದೆ, ಊದಿದರೆ ಬಾಗುತ್ತದೆ, ಇನ್ನೊಂದು ಬತ್ತಿಗೆ ತನ್ನಂಥದ್ದನ್ನೇ ಹಚ್ಚುತ್ತದೆ.

ಶುಕ್ರವಾರ ಕೈ ಎತ್ತಿಸಿದೆ. ಮೂವತ್ತೊಂದು ಮಕ್ಕಳು ‘ಸತ್ತಿವೆ’ ಎಂದರು, ನಾಲ್ವರು ‘ಗೊತ್ತಿಲ್ಲ’ ಎಂದರು. ಕೀರ್ತನಾ ಒಬ್ಬಳು ಯಾವುದಕ್ಕೂ ಕೈ ಎತ್ತಲಿಲ್ಲ. ಕೊನೆಗೆ ನಾನೇ ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ನಿರ್ಜೀವ’ ಎಂದು ಬರೆದೆ. ಬಸ್ಸಿನ ಬಿಸಿಗೆ ಸತ್ತವೋ ಏನೋ. ನಿಮ್ಮನ್ನು ದೂರುತ್ತಿಲ್ಲ.

ನಿಮ್ಮ ಕಳೆದ ಕಾಗದದ ಮೂಲೆಯಲ್ಲಿ ಕಂದು ಬಣ್ಣದ ಅಂಟು ಕಲೆ ಇತ್ತು. ಹುಳಿ ವಾಸನೆ. ಉಪ್ಪಿನಕಾಯಿ ಹಾಕುತ್ತಿದ್ದೀರಾ? ಒಬ್ಬರಿಗೆ ಎಷ್ಟು ಬೇಕು ಅತ್ತೆ, ನನಗೂ ಸೇರಿಸಿ ಹಾಕುತ್ತಿದ್ದೀರೇನೋ ಎಂದು ಆಸೆಯಾಯಿತು.

ನಿಮ್ಮ ಸೊಸೆ
ತನುಜಾ


ಹಿಂದೂಪುರ
15-11-2004

ತನುಜಾ,

ಅಳಿಸು. ಆ ಬರೆದಿರೋದನ್ನ ಮೊದ್ಲು ಅಳಿಸು.

ಯಾರು ನಿಂಗೆ ಸತ್ತವೆ ಅಂತ ಹೇಳ್ದೋರು? ಮೂವತ್ತೊಂದು ಮಕ್ಳು ಕೈ ಎತ್ತಿದ್ರೆ ಸತ್ತೋಗ್ಬುಡ್ತಾವಾ? ಸತ್ತ ಮೊಟ್ಟೆ ಒಣಗಿ ಹಪ್ಪಳ ಆಗ್ಬುಡ್ತದೆ. ಗಂಡು ಕೂಡದ ಮೊಟ್ಟೆ ಕೊನೇವರ್ಗೂ ಹಳದಿಯಾಗೇ ಇರ್ತದೆ. ನಿನ್ ಹಾಳೆಯಾಗಿರೋದು ಯಾವ ಬಣ್ಣ? ಬೂದಿ ಬಣ್ಣ ಇದ್ದು, ಬಿಸ್ಲಿಗೆ ಓರೆಯಾಗಿ ಹಿಡಿದ್ರೆ ಮಿಣುಕ್ತದಾ? ಹಂಗಿದ್ರೆ ಮಲಗವೆ. ಆಸಿಡ್ ನೀರಾಗೆ ಅದ್ದಿದ್ರೆ ಹತ್ತು ದಿನಕ್ಕೆ ಏಳ್ತವೆ, ಅದ್ದದಿದ್ರೆ ನಿದ್ದೆಗೆ ಬೀಳ್ತವೆ. ಇವು ಅದ್ದಿಲ್ದವು. ನಾನೇ ಬೇಕಂತ ಅಂಥವು ಕಳಿಸ್ದೆ, ಮಕ್ಳು ನೋಡ್ಲಿ ಅಂತ.

ಮಲಗಿದ್ದು ಸುಮ್ನೆ ಏಳಾಕಿಲ್ಲ. ಚಳಿ ಕಂಡ ಮ್ಯಾಲೇ ಏಳೋದು. ಇನ್ನೊಂದು ಹತ್ತು ದಿನ ನೆಳ್ಳಾಗೆ ಮಡಗಿ, ಆಮ್ಯಾಲೆ ಎರಡೂವರೆ ತಿಂಗ್ಳು ಯಾರದಾದ್ರೂ ಫ್ರಿಜ್ಜಿನಾಗೆ ಮಡಗು. ಐಸು ಕಟ್ಟೋ ಕಡೆ ಅಲ್ಲ, ಕೆಳಗೆ. ನಿಮ್ಮೂರಾಗೆ ಫ್ರಿಜ್ಜು ಇರೋರು ಯಾರಾದ್ರೂ ಸಿಕ್ಕೇ ಸಿಕ್ತಾರೆ, ನಾಚ್ಕಬ್ಯಾಡ, ಹೋಗಿ ಕೇಳು.

ಒಂದು ಹೇಳ್ತೀನಿ. ಅವತ್ತು ಆಸ್ಪತ್ರೆಯಾಗೆ ಡಾಕ್ಟ್ರು ಎರಡು ಬೆರಳಿಟ್ಟು ನೋಡಿ “ಲೇದಮ್ಮಾ” ಅಂದ್ಬುಟ್ರು, ಜೀವ ಇಲ್ಲ ಅಂತ. ನಾನು ಓಬುಳೇಶನ ಕೈ ಹಿಡ್ಕಂಡಿದ್ದೆ. ಬೆಚ್ಚಗಿತ್ತು. ಬೆಚ್ಚಗಿರೋ ಕೈಯ ಬಿಡು ಅಂದ್ರು. ಅವ್ರು ಹೇಳಿದ್ದು ದಿಟವೇ ಇರ್ಬೋದು, ಓದ್ದೋರು. ಆದ್ರೆ ಆತ್ರ ಆಯ್ತು ಅಂತ ನಂಗೆ ಇವತ್ತಿಗೂ ಅನ್ನಿಸ್ತದೆ. ನೀನು ಆತ್ರ ಬೀಳಬ್ಯಾಡ.

ಕಲೆ ಏನೂ ಇಲ್ಲ. ಸಾರಿಗೆ ಹುಣಸೆಹಣ್ಣು ಕಿವುಚ್ತಿದ್ದೆ, ಅದೇ ಕೈಯಾಗೆ ಬರೆದೆ.

ಓಬಕ್ಕ


ಕಲ್ಯಾಣದುರ್ಗ
28-11-2004, ಭಾನುವಾರ

ಅತ್ತೆಯವರಿಗೆ ನಮಸ್ಕಾರಗಳು.

ಅಳಿಸಿದೆ. ಎಲ್ಲ ಮಕ್ಕಳೆದುರಿಗೇ ಅಳಿಸಿ, “ಮೇಡಂ ತಪ್ಪು ಮಾಡಿದ್ರು” ಎಂದು ನಾನೇ ಹೇಳಿದೆ. ಅವರಿಗೆ ಅದೇ ದೊಡ್ಡ ಹಬ್ಬವಾಯಿತು.

ಫ್ರಿಜ್ ಸಿಕ್ಕಿತು. ಹೋಟೆಲಿನವರದ್ದು ಬೇಡವೆನ್ನಿಸಿತು, ತೆಗೆದು ಹಾಕಿ ಮಾಡುತ್ತಾರೆ. ಪಶು ಆಸ್ಪತ್ರೆಯಲ್ಲಿ ಕುರಿಗಳ ಲಸಿಕೆ ಇಡುವ ಫ್ರಿಜ್ ಇದೆ, ಯಾವಾಗಲೂ ಒಂದೇ ತಂಪು. ಅಲ್ಲಿನ ಕಾಂಪೌಂಡರರನ್ನು ಕೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ, “ಬದುಕವೆ ಮೇಡಂ, ಇನ್ನೂ ಅವೆ” ಎಂದರು. ನಿನ್ನೆ ಬೆಳಿಗ್ಗೆ ತೂತು ಮಾಡಿದ ಡಬ್ಬಿಯಲ್ಲಿ ಹಾಕಿ ಇಟ್ಟೆವು. ಮೇಲೆ ‘ಆರನೇ ತರಗತಿ, ಮಲಗಿವೆ’ ಎಂದು ಚೀಟಿ ಅಂಟಿಸಿದ್ದಾರೆ.

ನಿಮ್ಮ ಕಾಗದದಿಂದ ನನ್ನ ಪಾಠವೇ ಬದಲಾಯಿತು ಅತ್ತೆ. ಊರಿನ ಲೈಬ್ರರಿಯಲ್ಲಿ ಹುಡುಕಿ ಓದಿದೆ. ಮಲಗಿದ ಮೊಟ್ಟೆಯೂ ಉಸಿರಾಡುತ್ತದಂತೆ. ಬಹಳ ಕಡಿಮೆ, ಹೊರಗಿನವರಿಗೆ ಕಾಣದಷ್ಟು. ಒಳಗಿರುವುದು ಕೆಟ್ಟುಹೋಗದ ಹಾಗೆ ಕಾಪಾಡಿಕೊಳ್ಳುವಷ್ಟು ಮಾತ್ರ ಖರ್ಚು ಮಾಡುತ್ತದೆ. ಹಾಗಾದರೆ ಬಸ್ಸಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಮಕ್ಕಳನ್ನೇ ಕೇಳಿದೆ. ಎರಡು ದಿನ ಯೋಚಿಸಿ ಕೀರ್ತನಾ, “ಬಸ್ಸು ಪಂಕ್ಚರ್ ಆದ್ರೆ ಡ್ರೈವರಣ್ಣ ಇಳೀಬೇಕು. ನನ್ ಮೊಣಕೈ ತರಚಿದ್ರೆ ಅದೇ ಮಾಯ್ತದೆ” ಎಂದಳು. ಅದನ್ನು ಎಂಟನೆಯ ಸಾಲಾಗಿ ಗೋಡೆಯ ಹಾಳೆಗೆ ಸೇರಿಸಿದ್ದೇವೆ. ಪುಸ್ತಕದಲ್ಲಿ ಅದು ಇಲ್ಲ, ಶಿಕ್ಷಣಾಧಿಕಾರಿ ಬಂದರೆ ಬೈಯಬಹುದು.

ಶನಿವಾರ ಶನಿವಾರ ಹೋಗಿ ನೋಡಿಕೊಂಡು ಬರಬೇಕೆಂದಿದ್ದೇನೆ.

ನಿಮ್ಮ ಸೊಸೆ
ತನುಜಾ


ಹಿಂದೂಪುರ
20-12-2004

ತನುಜಾ,

ಕ್ಷೇಮ. ಚಳಿ ಜಾಸ್ತಿ.

ಶನಿವಾರ ಶನಿವಾರ ನೋಡಾಕೆ ಏನೈತೆ ಅದ್ರಾಗೆ? ಮಲಗಿದ್ದು ಮಲಗೇ ಇರ್ತದೆ. ಆ ಕಾಂಪೌಂಡ್ರು ಯಾರು? ಹೆಸ್ರು ಬರೀಲಿಲ್ಲ ನೀನು. ವಯಸ್ಸೆಷ್ಟು? ಹೆಂಡ್ತಿ ಮಕ್ಳು ಅವ್ರಾ? ಬರಿ.

ಓಬಕ್ಕ


ಕಲ್ಯಾಣದುರ್ಗ
16-1-2005, ಭಾನುವಾರ

ಅತ್ತೆ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದುಕೊಂಡೇ ಬರೆಯುತ್ತಿದ್ದೇನೆ. ಆದ್ದರಿಂದ ನಿಜ ಬರೆಯಬಹುದು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಾಲ್ಕೇ ಸಾಲು, ನಾಲ್ಕು ಪ್ರಶ್ನೆ. ಪೊಲೀಸರು ಕೇಳಿದ ಹಾಗಿತ್ತು. ನಿಮಗೆ ಗೊತ್ತಾಗಿದೆ, ನಿಮಗೆ ಸಿಟ್ಟು ಬಂದಿದೆ.

ಅವರ ಹೆಸರು ತಿಪ್ಪೇಸ್ವಾಮಿ. ಮೂವತ್ತೆಂಟು. ಹೆಂಡತಿ ಮಕ್ಕಳು ಇಲ್ಲ, ಕುರಿಗಳ ಹಿಂದೆ ಊರೂರು ತಿರುಗಿ ಮದುವೆಯೇ ಮರೆತುಹೋಯಿತು ಎನ್ನುತ್ತಾರೆ. ನಾನು ಹೋದಾಗ ಡಬ್ಬಿ ತೆಗೆದು ತೋರಿಸುತ್ತಾರೆ, ಇಬ್ಬರೂ ನೋಡುತ್ತೇವೆ, ಮುಚ್ಚಿ ಇಡುತ್ತಾರೆ. ಅಷ್ಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಸಂಕ್ರಾಂತಿಯ ದಿನ ಎಳ್ಳು ಕೊಟ್ಟು, “ಮೇಡಂ, ನೀವು ಒಪ್ಪೋದಾದ್ರೆ ನಿಮ್ಮೋರ ಹತ್ರ ಬಂದು ಕೇಳ್ತೀನಿ. ಯಾರ ಹತ್ರ ಕೇಳ್ಬೇಕು?” ಎಂದರು. ನನ್ನ ಬಾಯಿಗೆ ಮೊದಲು ಬಂದದ್ದು ನಿಮ್ಮ ಹೆಸರು. ನನ್ನ ಅಮ್ಮನ ಹೆಸರಲ್ಲ.

ಆ ಟ್ರೈನಿಂಗ್ ಸುಳ್ಳು ಅತ್ತೆ. ಯಾವ ಟ್ರೈನಿಂಗೂ ಇರಲಿಲ್ಲ. ನಿಮ್ಮ ಮನೆಗೆ ಬಂದರೆ ನೀವು ನಿಮ್ಮ ಮಗನ ತಟ್ಟೆಯಲ್ಲಿ ನನಗೆ ಬಡಿಸುತ್ತೀರಿ. ನಾನು ತಲೆ ಎತ್ತದೆ ಉಣ್ಣುತ್ತೇನೆ. ನಾವಿಬ್ಬರೂ ಅವರ ವಿಷಯ ಎತ್ತುವುದಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಪೆನುಕೊಂಡದವರೆಗೂ ಅಳುತ್ತೇನೆ. ದೂರದಿಂದ ಬರೆದರೆ ನಿಮ್ಮೊಂದಿಗೆ ಮಾತಾಡಬಹುದು, ಎದುರಿಗೆ ಆಗುವುದಿಲ್ಲ.

ಈಗ ನಾನು ಹೂಂ ಎಂದರೆ ನಿಮಗೆ ಏನಾಗುತ್ತೇನೆ? ‘ನಿನ್ ಸೊಸೆ ಕಾಗ್ದ’ ಎಂದು ಪೋಸ್ಟ್‌ಮ್ಯಾನ್ ಹೇಳುವ ಹಾಗಿಲ್ಲ. ಉಹೂಂ ಎಂದರೆ ಇದೇ ಕೋಣೆ, ಇದೇ ರೇಡಿಯೋ. ಯಾವುದನ್ನು ಆರಿಸಿದರೂ ಯಾರಾದರೊಬ್ಬರು ಒಂಟಿಯಾಗುತ್ತಾರೆ. ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ.

ತನುಜಾ


ಹಿಂದೂಪುರ
12-2-2005

ತನುಜಾ,

ಎರಡು ತಿಂಗ್ಳ ಮ್ಯಾಲಾಯ್ತು. ಪೋಸ್ಟ್‌ಮ್ಯಾನು ನಮ್ಮ ಬೀದಿಗೆ ಬಂದ್ರೆ ಮೊಕ ಆ ಕಡೆ ತಿರುಗಿಸ್ಕಂಡು ಹೋಯ್ತಾನೆ, ಪಾಪ, ಅವನದೇ ತಪ್ಪು ಅನ್ನಂಗೆ.

ನೀನು ಯಾಕೆ ನಿಲ್ಲಿಸಿದ್ದೀಯ ಅಂತ ಗೊತ್ತು. ಮುನೆಪ್ಪ ಹೇಳಿರ್ತಾನೆ. ಅವನ ಬಾಯಾಗೆ ಏನೂ ನಿಲ್ಲಾಕಿಲ್ಲ. ಸರಿ, ನಾನೇ ಹೇಳ್ಬುಡ್ತೀನಿ. ಆ ಮೊಟ್ಟೆ ನಾನು ಬೇಕಂತ ಮಲಗಿಸಿದ್ದಲ್ಲ. ನಿಂಗೆ ಸುಳ್ಳು ಹೇಳ್ದೆ.

ಚಿಟ್ಟೆ ಮೊಟ್ಟೆ ಇಟ್ಟ ಒಂದು ದಿನದೊಳಗೆ ಆಸಿಡ್ಡಿಗೆ ಅದ್ದಬೇಕು. ಅವತ್ತಿನ ಪಾಳಿ ನಂದು. ಹಾಳೆ ಎಲ್ಲ ಜೋಡಿಸ್ಕಂಡು ಹೋಗ್ತಿದ್ದೆ, ನಿನ್ ಕಾಗ್ದ ಬಂತು. ಹಾಳೆ ಕೆಳಗಿಟ್ಟು ಓದ್ದೆ. ದಸರಾಕ್ಕೆ ಬರಾಕಿಲ್ಲ ಅಂತ ಬರೆದಿದ್ದೆ. ಹಿತ್ತಿಲ ಮೆಟ್ಲ ಮ್ಯಾಲೆ ಕೂತ್ಕಂಡು ಇನ್ನೊಂದಪ ಓದ್ದೆ. ಆಮ್ಯಾಲೆ ಸುಮ್ನೆ ಕೂತಿದ್ದೆ. ಎಷ್ಟೊತ್ತು ಅಂತ ಕೇಳಬ್ಯಾಡ. ಯಾರೋ ಕರೆದಾಗ ಹೊತ್ತು ಮೀರೋಗಿತ್ತು, ನಾಲ್ಕು ತಟ್ಟೆ ಮೊಟ್ಟೆ ನಿದ್ದೆಗೆ ಬಿದ್ದೋಗಿದ್ವು. ಯಜಮಾನ್ರು ಬೈಲಿಲ್ಲ. “ಓಬಕ್ಕಾ, ಸಾಕು, ಮನೇಲಿ ಸುಧಾರಿಸ್ಕ” ಅಂದ್ರು. ಇಪ್ಪತ್ತೆರಡು ವರ್ಷ ಮಾಡಿದ್ದೆ. ಹಾಳೆಗಳ್ನ ಗುಂಡಿಗೆ ಹಾಕಿ ಸುಟ್ರು. ಸತ್ತಿಲ್ಲ ಕಣ್ರಪ್ಪೋ ಅಂತ ನಾನು ಬಡ್ಕಂಡೆ, ನಾಲ್ಕು ತಿಂಗ್ಳು ಮಡಗಾಕೆ ಜಾಗ ಎಲ್ಲೈತೆ ಅಂದ್ರು. ಒಂದೇ ಒಂದು ಚೂರು ಕತ್ತರಿಸಿ ಸೆರಗಿಗೆ ಕಟ್ಕಂಡು ಬಂದೆ. ಅದೇ ನಿಂಗೆ ಕಳಿಸಿದ್ದು.

ಈಗ ಮಂಡಿಯೋರ ಹುಣಸೆಹಣ್ಣು ಮನೇಗೆ ತಂದು ಬೀಜ ಬಿಡಿಸ್ತೀನಿ. ನಿಂಗೆ ಕಂಡ ಕಲೆ ಅದು. ನಿನ್ ಮ್ಯಾಲೆ ತಪ್ಪು ಹಾಕ್ತಿಲ್ಲ ಕಣಮ್ಮ. ಅದಕ್ಕೇ ಬರೀದೇ ಮುಚ್ಚಿಟ್ಟಿದ್ದು. ಬೈಯಂಗಿದ್ರೆ ಬೈದು ಬರಿ, ಆದ್ರೆ ಬರಿ.

ಓಬಕ್ಕ


ಕಲ್ಯಾಣದುರ್ಗ
13-3-2005, ಭಾನುವಾರ

ಅತ್ತೆ,

ಮುನೆಪ್ಪ ಏನೂ ಹೇಳಿರಲಿಲ್ಲ. ನನಗೆ ಏನೂ ಗೊತ್ತಿರಲಿಲ್ಲ. ನಿಮ್ಮ ಕಾಗದ ಬಂದಾಗ ಸ್ಟಾಫ್ ರೂಮಿನಲ್ಲಿದ್ದೆ, ಓದಿ ಮುಗಿಸಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ನಾನು ಹೇಳಿದ ಒಂದು ಸುಳ್ಳಿಗೆ ನಿಮ್ಮ ಇಪ್ಪತ್ತೆರಡು ವರ್ಷದ ಕೆಲಸ ಹೋಯಿತು. ಯಾವ ಸುಳ್ಳು ಎಂಬುದು ಇದರ ಜೊತೆಗಿಟ್ಟಿರುವ ಜನವರಿಯ ಕಾಗದದಲ್ಲಿದೆ. ಅಂಚೆಗೆ ಹಾಕುವುದಿಲ್ಲ ಎಂದು ಬರೆದದ್ದು, ಈಗ ಹಾಕುತ್ತಿದ್ದೇನೆ. ನಾನು ಬರೆಯದೇ ಇದ್ದದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ, ಹೆದರಿಕೆಗೆ.

ಮೊಟ್ಟೆಗಳ ಸುದ್ದಿ ಹೇಳುತ್ತೇನೆ. ಫೆಬ್ರವರಿ ಹತ್ತೊಂಬತ್ತಕ್ಕೆ ಹೊರಗೆ ತೆಗೆದೆವು. ಮಾರ್ಚ್ ನಾಲ್ಕು, ಶುಕ್ರವಾರ, ಬೆಳಿಗ್ಗೆ ಬಂದು ನೋಡಿದರೆ ಹಾಳೆಯ ತುಂಬ ಕಪ್ಪು ಕೂದಲಿನಂಥ ಹುಳುಗಳು! ಮಕ್ಕಳು ಕೂಗಿದ ಕೂಗಿಗೆ ಹೆಡ್ಮಾಸ್ಟರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದರು. ಹಿಪ್ಪುನೇರಳೆ ಸೊಪ್ಪಿಗೆ ತಿಪ್ಪೇಸ್ವಾಮಿ ದಿನಾ ಬೆಳಿಗ್ಗೆ ಮೋಟಾರ್ ಬೈಕಿನಲ್ಲಿ ಹದಿನಾಲ್ಕು ಕಿಲೋಮೀಟರ್ ಹೋಗಿ ಬರುತ್ತಿದ್ದಾರೆ.

ಎಲ್ಲವೂ ಒಡೆಯಲಿಲ್ಲ. ಎಣಿಸಿದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಿಕ್ಕವು ನೀವು ಹೇಳಿದ ಹಾಗೆ ಒಣಗಿ ಹಪ್ಪಳವಾದವು. ಫ್ರಿಜ್ಜಿನಲ್ಲಿದ್ದಾಗ ಎಲ್ಲವೂ ಒಂದೇ ಬಣ್ಣ, ಒಂದೇ ಮಿಣುಕು ಇತ್ತು. ಯಾವುದು ಏಳುತ್ತದೆ, ಯಾವುದು ಏಳುವುದಿಲ್ಲ ಎಂದು ಆಗ ಹೇಳುವುದು ಹೇಗಿತ್ತು ಎಂದು ಮಕ್ಕಳು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅದನ್ನೂ ಬರೆದುಕೊಂಡರು.

ಅತ್ತೆ, ನಾನು ಅವರಿಗೆ ಹೂಂ ಎನ್ನಬೇಕೆಂದಿದ್ದೇನೆ. ಏಪ್ರಿಲ್ ಇಪ್ಪತ್ತು, ಬುಧವಾರ, ಇಲ್ಲೇ ಕಲ್ಯಾಣದುರ್ಗದಲ್ಲಿ, ಆಂಜನೇಯನ ಗುಡಿಯಲ್ಲಿ ಮದುವೆ. ನೀವು ಬೇಡವೆಂದರೆ ಬೇಡ, ಅವರಿಗೂ ಹಾಗೆಯೇ ಹೇಳಿದ್ದೇನೆ. ಒಪ್ಪಿದರೆ ಬನ್ನಿ. ಎರಡರಲ್ಲಿ ಯಾವುದನ್ನಾದರೂ ಬರೆಯಿರಿ. ಹೋದ ಸಲ ನೀವು ಕೇಳಿದಿರಿ, ಈಗ ನಾನು ಕೇಳುತ್ತಿದ್ದೇನೆ. ಬೈಯುವ ಹಾಗಿದ್ದರೆ ಬೈಯಿರಿ, ಆದರೆ ಬರೆಯಿರಿ.

ತನುಜಾ

(ಸೊಸೆ ಎಂದು ಬರೆಯಲು ಈ ಸಲ ಧೈರ್ಯ ಬರಲಿಲ್ಲ.)


ಹಿಂದೂಪುರ
4-4-2005

ತನುಜಾ,

ಮಾಡ್ಕ. ಒಳ್ಳೇದಾಗ್ಲಿ.

ಓಬಕ್ಕ


ಹಿಂದೂಪುರ
22-4-2005

ತನುಜಾ,

ನಿನ್ ಮದ್ವೆಗೆ ಬರ್ಲಿಲ್ಲ ಅಂತ ಅಂದ್ಕಂಡಿರ್ತೀಯ. ಬಂದಿದ್ದೆ.

ಆ ಕಾರ್ಡಿನಾಗೆ ಎರಡೇ ಮಾತು ಬರೆದೆ. ಅದ್ಕಿಂತ ಮುಂಚೆ ಮೂರು ಸಲ ಉದ್ದಕ್ಕೆ ಬರೆದು ಒಲೆಗೆ ಹಾಕಿದ್ದೆ. ಡಿಸೆಂಬರಾಗೆ ನಾನು ಕೇಳಿದ್ದು ಬೈಯಾಕಲ್ಲ ಕಣೇ. ಹೆಂಡ್ತಿ ಇಲ್ಲ ಅಂತ ನಿನ್ ಬಾಯಾಗೆ ಬಂದ್ರೆ, ಮಾಡ್ಕ ಅಂತ ನಾನೇ ಹೇಳನಾ ಅಂತ ಕೇಳಿದ್ದು. ಶನಿವಾರ ಶನಿವಾರ ಅಂತ ನೀನು ಬರೆದಾಗ್ಲೇ ನಂಗೆ ತಿಳಿದೋಗಿತ್ತು. ನಂಗೆ ಸಂತೋಷ ಆಗಿತ್ತು. ಹೊಟ್ಟೆ ಉರಿದೂ ಇತ್ತು. ಎರಡೂ ನಿಜ.

ನಮ್ಮ ಕಡೆ ಗಂಡ ಸತ್ತೋಳು ಕೂಡಾವಳಿ ಮಾಡ್ಕಣೋವಾಗ ಮೊದಲ್ನೇ ಗಂಡನ ಮನೆಯೋರು ಆ ಊರ ದಾರಿ ತುಳಿಯಬಾರ್ದು ಅಂತಾರೆ. ಪೋನೀಲೇ, ಹೋಗ್ಲಿ, ನೋಡೋರು ನೋಡ್ಕಳ್ಳಿ ಅಂತ ಬೆಳಗಿನ ಬಸ್ಸು ಹತ್ತಿದೆ. ಎರಡು ಮೊಳ ಕನಕಾಂಬ್ರ ತಂದಿದ್ದೆ. ಕಲ್ಯಾಣದುರ್ಗದ ಬಸ್ಟ್ಯಾಂಡಾಗೆ ಇಳಿದು, ಗುಡಿ ಎಲ್ಲಿ ಅಂತ ಒಬ್ಬ ಯಮ್ಮನ್ನ ಕೇಳ್ದೆ. “ಪೆಂಡ್ಲಿಕಾ ಅಮ್ಮಾ?” ಅಂದ್ಲು, ಮದ್ವೆಗಾ ಅಂತ. ಹೂಂ ಅಂದೆ. “ಪಿಲ್ಲಕಿ ನುವ್ವು ಏಮವ್ತಾವು?” ಅಂದ್ಲು. ಹುಡುಗಿಗೆ ನೀನು ಏನಾಗ್ಬೇಕು ಅಂತ.

ಅತ್ತೆ ಅನ್ನನಾ ಅಂದ್ರೆ, ಅವತ್ತಿಂದ ನಿಂಗೆ ಅತ್ತೆ ಬ್ಯಾರೆ. ಅಮ್ಮ ಅನ್ನನಾ ಅಂದ್ರೆ, ನಿನ್ ಹಡೆದೋಳು ಗುಡಿಯಾಗೇ ನಿಂತಿರ್ತಾಳೆ. ದೊಡ್ಡಮ್ಮ, ಚಿಕ್ಕಮ್ಮ, ಅತ್ತಿಗೆ ಎಲ್ಲ ಮನಸ್ಸಿನಾಗೆ ಹಾಕಿ ನೋಡ್ದೆ, ಯಾವ್ದೂ ನಂದಲ್ಲ. “ಏನೂ ಆಗ್ಬೇಕಾಗಿಲ್ಲ” ಅಂದ್ಬುಟ್ಟೆ. ಅಂದ್ಮೇಲೆ ಗುಡಿಗೆ ಹೆಂಗೆ ಬರ್ಲಿ? ಕನಕಾಂಬ್ರ ಆ ಯಮ್ಮಂಗೇ ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ.

ನೀನು ಚೆನ್ನಾಗಿರು. ಇನ್ಮೇಲೆ ನಿಂಗೆ ಸಂಸಾರ ಐತೆ, ನಂಗೆ ಬರೆಯಾಕೆ ಪುರುಸೊತ್ತು ಆಗಾಕಿಲ್ಲ. ನಾನು ತಪ್ಪು ತಿಳ್ಕಣಾಕಿಲ್ಲ.

ಓಬಕ್ಕ


ಕಲ್ಯಾಣದುರ್ಗ
1-5-2005, ಭಾನುವಾರ

ಅತ್ತೆ,

ನಿಮ್ಮ ಕಾಗದವನ್ನು ಇವರ ಮುಂದೆಯೇ ಗಟ್ಟಿಯಾಗಿ ಓದಿದೆ. ನಡುವೆ ನಿಲ್ಲಿಸಿ ಕಾಗದವನ್ನು ಕೈಗೆ ಕೊಟ್ಟೆ, ಮಿಕ್ಕದ್ದನ್ನು ಇವರು ಓದಿದರು.

ನೀವು ಬಸ್ಟ್ಯಾಂಡಿನಲ್ಲಿ ಕೂತಿದ್ದಾಗ ನಾನು ಗುಡಿಯ ಮೆಟ್ಟಿಲಿನಿಂದ ಬೀದಿ ನೋಡುತ್ತಿದ್ದೆ. ಮುಹೂರ್ತವನ್ನು ಕಾಲು ಗಂಟೆ ತಡಮಾಡಿಸಿದೆ. ಪೂಜಾರಿ ಗೊಣಗಿದ. ಐದು ನಿಮಿಷದ ದಾರಿ ಅತ್ತೆ, ನಡೆದುಬಂದಿದ್ದರೆ ಐದೇ ನಿಮಿಷ. ನಿಮ್ಮ ಮೇಲೆ ನನಗೆ ಈಗ ನಿಜವಾಗಿಯೂ ಸಿಟ್ಟು ಬಂದಿದೆ.

ಇವರ ತಾಯಿ ತೀರಿಹೋಗಿ ಒಂಬತ್ತು ವರ್ಷ. ಈ ಮನೆಯಲ್ಲಿ ನನಗೆ ಅತ್ತೆ ಇಲ್ಲ. ಇದ್ದಿದ್ದರೂ ನಿಮ್ಮ ಜಾಗ ನಿಮ್ಮದೇ ಇರುತ್ತಿತ್ತು. ಪುಸ್ತಕದಲ್ಲಿ ಇಂಥ ನೆಂಟಸ್ತಿಕೆಗೆ ಹೆಸರಿಲ್ಲದಿದ್ದರೆ ಅದು ಪುಸ್ತಕದ ತಪ್ಪು.

ಬರುವ ಭಾನುವಾರ, ಎಂಟನೇ ತಾರೀಖು, ನಾವಿಬ್ಬರೂ ಬೆಳಗಿನ ಬಸ್ಸಿಗೆ ಹಿಂದೂಪುರಕ್ಕೆ ಬರುತ್ತಿದ್ದೇವೆ. ನಾನು ಬಾಗಿಲು ತಟ್ಟಿದಾಗ ಒಳಗಿನಿಂದ ‘ಯಾರು?’ ಎಂದು ಕೇಳಿ. ಆ ಯಮ್ಮನಿಗೆ ನೀವು ಹೇಳಲಾಗದ ಉತ್ತರವನ್ನು ನಾನು ನಿಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ.

ನಿಮ್ಮ ಸೊಸೆ
ತನುಜಾ


ಹಿಂದೂಪುರ
5-5-2005

ತನುಜಾ,

ಬನ್ನಿ. ಇಬ್ರೂ ಬನ್ನಿ. ಅವ್ನು ಖಾರ ತಿಂತಾನೋ ಇಲ್ವೋ ನೀನು ಬರೀಲಿಲ್ಲ, ನಾನು ನಮ್ಮ ಮನೆ ಅಳತೆಗೇ ಮಾಡ್ತೀನಿ. ಹುಣಸೆಹಣ್ಣಿನ ಚೀಲ ಎಲ್ಲ ಹಿತ್ತಿಲಿಗೆ ಸಾಗಿಸಿದ್ದೀನಿ, ಕೂರಾಕೆ ಜಾಗ ಐತೆ.

ಯಾರು ಅಂತ ಕೇಳು ಅಂದಿದ್ದೀಯ. ನಾನು ಕೇಳಾಕಿಲ್ಲ ಕಣಮ್ಮ. ಬಾಗ್ಲು ತೆಗೆದೇ ಇರ್ತೀನಿ.

ನಿನ್ ಅತ್ತೆ
ಓಬಕ್ಕ